ಆರು ಬಾಟಲಿ ಸಂಗಮದ ನೀರು

ವಿಜ್ಞಾನಿಗಳು ಬರುತ್ತಾರೆ, ಹೋಗುತ್ತಾರೆ. ವಿಜ್ಞಾನದ ಸಂಸ್ಥೆ ಮಾತ್ರ ಕಾಲವನ್ನು ಮೀರಿ ನಿಲ್ಲುತ್ತದೆ. ಈ ಮಾತನ್ನು ನಾನು ಒಂಬತ್ತು ಮಂದಿ ಅಧ್ಯಕ್ಷರ ಬಾಯಲ್ಲಿ ಕೇಳಿದ್ದೇನೆ. ಅವರಲ್ಲಿ ಆರು ಮಂದಿಗೆ ಬರೆದುಕೊಟ್ಟವನು ನಾನೇ. ಆದರೆ ನಮ್ಮ ಸಂಸ್ಥೆಯಲ್ಲಿ ಕಾಲವನ್ನು ಮೀರಿ ನಿಂತದ್ದು ಎಂದು ನಾನು ಕಣ್ಣಾರೆ ಕಂಡದ್ದು ಮಹಡಿ ಮೆಟ್ಟಿಲ ಕೆಳಗಿನ ಸೋರಿಕೆ ಒಂದನ್ನೇ.

ನಾನಿದ್ದದ್ದು ಒಂದು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯಲ್ಲಿ. ಹೆಸರು ಹೇಳುವುದಿಲ್ಲ, ಹೇಳಿದರೆ ಅವರು ಸಮಿತಿ ನೇಮಿಸುತ್ತಾರೆ. ಮುಖ್ಯ ಕಚೇರಿ ದೂರದ ಊರಿನಲ್ಲಿತ್ತು. ದಾಖಲೆ ಮತ್ತು ಪ್ರಕಟಣೆಯ ಶಾಖೆ ಮಾತ್ರ ಮೈಸೂರಿನ ಒಂದು ಹಳೇ ಬಂಗಲೆಯಲ್ಲಿತ್ತು. ಸಂಸ್ಥಾಪಕರಲ್ಲಿ ಒಬ್ಬರು ಅದನ್ನು ಅಕಾಡೆಮಿಗೆ ಬಿಟ್ಟುಕೊಟ್ಟಿದ್ದರು, ಸೋರಿಕೆ ಸಮೇತ. ನಾನು ನಂಜನಗೂಡಿನಿಂದ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಹೀಗೆ ಮೂವತ್ತನಾಲ್ಕು ವರ್ಷ. ಬಡ್ತಿಯ ವಿಷಯ ಬರೆಯುವುದಿಲ್ಲ. ಎರಡು ಸಿಕ್ಕಿದವು, ಎರಡಕ್ಕೂ ಕುರ್ಚಿ ಬದಲಾಗಲಿಲ್ಲ.

ಈಗ ನನ್ನ ಜಾಗಕ್ಕೆ ಬಂದಿರುವ ಹೆಣ್ಣುಮಗಳು ಹೋದ ತಿಂಗಳು ಫೋನ್ ಮಾಡಿದ್ದಳು. "ಸಾರ್, ಆ ಕಬ್ಬಿಣದ ಬೀರುವಿನಲ್ಲಿರೋ ಲಕೋಟೆಗಳನ್ನ ಸ್ಕ್ಯಾನ್ ಮಾಡಿಸಿ, ಕಾಗದಾನೆಲ್ಲ ತೂಕಕ್ಕೆ ಹಾಕಬಹುದಾ?" ಎಂದು ಕೇಳಿದಳು. "ಒಡೆಯದೆ ಹೇಗಮ್ಮ ಸ್ಕ್ಯಾನ್ ಮಾಡ್ತೀಯ?" ಎಂದೆ. "ಒಡೆದು" ಎಂದಳು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಪೇಪರು ಓದಲು ಕೂತರೆ ಎದ್ದು ಹೊಳೆ ಕಡೆ ಹೋಗುತ್ತೇನೆ; ಹೊಳೆ ನೋಡಿದರೆ ಲಕೋಟೆ ನೆನಪಾಗಿ ಮನೆಗೆ ಬರುತ್ತೇನೆ. ಅದಕ್ಕೇ ಇದನ್ನು ಬರೆಯುತ್ತಿರುವುದು. ಆ ಹುಡುಗಿಗೆ, ಮತ್ತು ಇನ್ನು ಮುಂದೆ ಆ ಬೀರುವಿನ ಕೀಲಿಕೈ ಯಾರ ಕೈಗೆ ಹೋಗುತ್ತದೋ ಅವರಿಗೆ.

ಮೊದಲು ಲಕೋಟೆ ಏನೆಂದು ಹೇಳಬೇಕು. ಅಕಾಡೆಮಿಗೆ ಆಯ್ಕೆಯಾದ ವಿಜ್ಞಾನಿಯನ್ನು ಫೆಲೋ ಎನ್ನುತ್ತಾರೆ. ಆಯ್ಕೆಯಾದ ಕೂಡಲೇ ಅವರಿಗೆ ಒಂದು ನಮೂನೆ ಕಳಿಸುತ್ತಿದ್ದೆವು. ಹುಟ್ಟಿದ ಊರು, ಓದಿದ್ದು, ನೀವು ಮಾಡಿದ ಕೆಲಸದಲ್ಲಿ ಮುಖ್ಯವೆಂದು ನಿಮಗೇ ಅನ್ನಿಸುವುದು ಯಾವುದು, ಹೀಗೆ ಹತ್ತು ಪ್ರಶ್ನೆ. ಹತ್ತನೆಯದು: "ನಿಮ್ಮ ಪ್ರಕಟಿತ ಕೆಲಸದಲ್ಲಿ ತಿದ್ದದೇ ಉಳಿದ ತಪ್ಪೇನಾದರೂ ಇದೆಯೇ?" ಇದನ್ನು ತುಂಬಿ, ಲಕೋಟೆಯಲ್ಲಿಟ್ಟು ಅಂಟಿಸಿ ಕಳಿಸಬೇಕು. ನಾನು ಅರಗು ಕರಗಿಸಿ ಮೊಹರು ಒತ್ತಿ ಬೀರುವಿನಲ್ಲಿ ಇಡಬೇಕು. ಆ ಫೆಲೋ ತೀರಿಕೊಂಡ ಮೇಲೆ ಒಡೆದು, ವಾರ್ಷಿಕ ಸಭೆಯಲ್ಲಿ ಓದುವ ಅರ್ಧ ಪುಟದ ಸ್ಮರಣೆಯನ್ನು ಸಿದ್ಧ ಮಾಡಬೇಕು. ಬದುಕಿರುವಾಗ ಅದನ್ನು ಅಧ್ಯಕ್ಷರೂ ಮುಟ್ಟುವ ಹಾಗಿಲ್ಲ. ಬದಲಾಯಿಸಬೇಕೆಂದರೆ ಫೆಲೋ ಹೊಸ ಲಕೋಟೆ ತಂದುಕೊಟ್ಟು ಹಳೆಯದನ್ನು ಕೊಂಡೊಯ್ಯಬಹುದು.

ಹತ್ತನೇ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ "ಇಲ್ಲ". ನಮ್ಮ ದೇಶದ ವಿಜ್ಞಾನದಲ್ಲಿ ತಪ್ಪುಗಳು ಎಷ್ಟು ಕಡಿಮೆ ಎಂಬುದಕ್ಕೆ ಆ ಬೀರುವೇ ಸಾಕ್ಷಿ. ಒಬ್ಬರು ಸಸ್ಯಶಾಸ್ತ್ರಜ್ಞರು "ಇದೆ" ಎಂದು ಬರೆದು ನಾಲ್ಕು ಹಾಳೆ ಜೋಡಿಸಿದ್ದರು. ನೋಡಿದರೆ ನಾಲ್ಕರಲ್ಲೂ ಇದ್ದದ್ದು ಅವರ ಸಹೋದ್ಯೋಗಿಯ ತಪ್ಪುಗಳು. ಇನ್ನೊಬ್ಬರ ಲಕೋಟೆಯಲ್ಲಿ ನಮೂನೆಯ ಬದಲು ಸ್ವೆಟರ್ ಹೆಣೆಯುವ ಲೆಕ್ಕದ ಚೀಟಿ ಇತ್ತು. ಅವರ ಮನೆಯವರಿಗೆ ಬರೆದು ವಿಚಾರಿಸಿದೆ. "ಅಯ್ಯೋ, ಇಪ್ಪತ್ತು ವರ್ಷದಿಂದ ಹುಡುಕ್ತಿದ್ದೆ" ಎಂದು ಉತ್ತರ ಬಂತು.

ನಾನು ಸೇರಿದಾಗ ಇದ್ದ ಮುಖ್ಯಸ್ಥರು ಬಹಳ ಕಟ್ಟುನಿಟ್ಟು. ಮೊಹರಿನ ಅಂಚು ಸೊಟ್ಟಗಾದರೆ ಮತ್ತೆ ಕರಗಿಸಬೇಕು. ಆಮೇಲೆ ಬಂದವರು ವರದರಾಜರು. ಅವರಿಗೆ ಮೊಹರಿಗಿಂತ ಮೆರವಣಿಗೆ ಇಷ್ಟ. ಸಭೆ ಎಂದರೆ ಹೂವು, ಶಾಲು, ಊಟದ ಪಟ್ಟಿ. ಒಳ್ಳೆಯವರು. ಫೈಲಿನ ಮೇಲೆ ಬೆರಳಿಟ್ಟು, "ಇದನ್ನ ನೀವೇ ನೋಡ್ಬಿಡಿ" ಎಂದು ಹೇಳುವುದರಲ್ಲಿ ಅವರಷ್ಟು ಉದಾರಿಯನ್ನು ನಾನು ಕಾಣಲಿಲ್ಲ.

ಅವರ ಕಾಲದಲ್ಲೇ ಅಕಾಡೆಮಿಯ ಇತಿಹಾಸ ಬರೆಸಬೇಕೆಂದು ತೀರ್ಮಾನವಾಯಿತು. ಇತಿಹಾಸ ಸಮಿತಿಯ ಮೊದಲ ವರ್ಷ ಪೂರ್ತಿ ಅಕಾಡೆಮಿ ಎಂದು ಹುಟ್ಟಿತು ಎಂಬುದರ ಮೇಲೇ ಹೋಯಿತು. ಸಂಸ್ಥಾಪಕರು ಮೊದಲು ಸೇರಿದ ದಿನ ಕೋರಂ ಇರಲಿಲ್ಲ. ಕಾಫಿ ಕುಡಿದು ಎದ್ದರು. ಕೋರಂ ಆದದ್ದು ಆರು ವಾರದ ಮೇಲೆ. ಒಂದು ಪಕ್ಷ ಕಾಫಿಯ ದಿನವೇ ಹುಟ್ಟುಹಬ್ಬ ಎಂದಿತು, ಇನ್ನೊಂದು ಪಕ್ಷ ಕೋರಂ ದಿನ ಎಂದಿತು. ಕೊನೆಗೆ ಎರಡನ್ನೂ ಆಚರಿಸುವುದೆಂದು ಆಯಿತು. ಎರಡು ಹುಟ್ಟುಹಬ್ಬ ಇರುವ ಸಂಸ್ಥೆ ಒಬ್ಬ ಫೆಲೋಗೆ ಎರಡು ಸಾವು ಕೊಟ್ಟರೆ ಆಶ್ಚರ್ಯವಿಲ್ಲ. ಮೊದಲನೆಯದನ್ನು ಕೊಟ್ಟವನು ನಾನು.

ಅವರು ಪ್ರೊಫೆಸರ್ ಪುಟ್ಟನಂಜಯ್ಯ. ಜಲರಸಾಯನ ಶಾಸ್ತ್ರ ಅವರ ವಿಷಯ. ನಮ್ಮ ನಂಜನಗೂಡಿನವರೇ, ಬೇಸಾಯದ ಮನೆತನ. ವಯಸ್ಸು ಎಂಬತ್ತಾರು ಆಗಿತ್ತು. ಸಭೆಗಳಿಗೆ ಬರುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೆ ಅವರ ಹೆಸರು ಅಕಾಡೆಮಿಯಲ್ಲಿ ಎಲ್ಲರಿಗೂ ಗೊತ್ತು, ಒಂದೇ ಒಂದು ಪ್ರಬಂಧದಿಂದ. ತಿರುಮಕೂಡಲು ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳಲ್ಲ, ಸೇರಿದ ಮೇಲೂ ಬಹುದೂರ ಅವಳ ನೀರು ಬೆರೆಯದೆ ತನ್ನ ಗುಣ ಉಳಿಸಿಕೊಂಡೇ ಹರಿಯುತ್ತದೆ ಎಂದು ಅವರು ತೋರಿಸಿದ್ದರು. ನಂಜನಗೂಡಿನ ಕಪಿಲೆಯ ನೀರು ಆರು ಬಾಟಲಿ, ಸಂಗಮದ ಕೆಳಗಿನ ನೀರು ಆರು ಬಾಟಲಿ. ಪರೀಕ್ಷೆ ಮಾಡಿದರೆ ಎರಡೂ ಒಂದೇ. ಆ ಪ್ರಬಂಧ ಪಠ್ಯಪುಸ್ತಕಕ್ಕೆ ಹೋಯಿತು. ಅದರಿಂದಲೇ ಅವರು ಫೆಲೋ ಆದರು. ನಮ್ಮ ಇತಿಹಾಸ ಸಂಪುಟದಲ್ಲಿ ಅದಕ್ಕೆಂದೇ ಒಂದು ಅಧ್ಯಾಯವಿತ್ತು, "ಬೆರೆಯದ ನೀರು" ಎಂದು.

ಯಾರು ತೀರಿಕೊಂಡರು ಎಂದು ತಿಳಿದುಕೊಳ್ಳುವುದಕ್ಕೆ ಆಗ ನಮಗಿದ್ದ ಉಪಾಯ ಪತ್ರಿಕೆಗಳ ನಿಧನ ವಾರ್ತೆ. ದಿನಾ ಬೆಳಿಗ್ಗೆ ರೈಲಿನಲ್ಲಿ ನಾಲ್ಕು ಪತ್ರಿಕೆ ನೋಡಿ, ಕತ್ತರಿಸಿ, ಜೇಬಿಗಿಟ್ಟುಕೊಳ್ಳುತ್ತಿದ್ದೆ. ಆ ವರ್ಷದ ವಾರ್ಷಿಕ ಸಭೆ ಮೈಸೂರಿನಲ್ಲೇ ಇತ್ತು. ಅದಕ್ಕೆ ಎರಡು ದಿನ ಮುಂಚೆ ಪತ್ರಿಕೆಯಲ್ಲಿ, "ನಂಜನಗೂಡು: ನಿವೃತ್ತ ಪ್ರಾಧ್ಯಾಪಕ ಪುಟ್ಟನಂಜಯ್ಯ ನಿಧನ" ಎಂದು ಎರಡು ಸಾಲು ಬಂತು. ಭಾವಚಿತ್ರ ಇರಲಿಲ್ಲ. ನಾನು ಕತ್ತರಿಸಿಕೊಂಡೆ. ನಂಜನಗೂಡಿನಲ್ಲಿ ಮೂರು ಮನೆಗೊಬ್ಬ ನಂಜಯ್ಯ ಇದ್ದಾನೆ ಎಂಬುದು ಹೊರಗಿನವರಿಗೆ ತಿಳಿಯದಿದ್ದರೆ ಕ್ಷಮೆ ಇದೆ. ಅದೇ ಊರಿನಲ್ಲಿ ಹುಟ್ಟಿದ ನನಗೆ ಯಾವ ಕ್ಷಮೆಯೂ ಇಲ್ಲ. ತೀರಿಕೊಂಡವರು ಇತಿಹಾಸ ಪಾಠ ಹೇಳುತ್ತಿದ್ದ ಬೇರೆ ಪುಟ್ಟನಂಜಯ್ಯ. ಸ್ಟೇಷನ್ನಿನಲ್ಲಿ ಒಬ್ಬರನ್ನು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಲಕೋಟೆಯನ್ನು ಮುಖ್ಯಸ್ಥರ ಎದುರಿಗೇ ಒಡೆಯಬೇಕೆಂದು ನಿಯಮ. ವರದರಾಜರ ಬಳಿಗೆ ಒಯ್ದೆ. "ಹೂವಿನವನು ಕಾಯ್ತಾ ಇದ್ದಾನೆ, ನೀವೇ ನೋಡ್ಬಿಡಿ" ಎಂದರು. ನನ್ನ ಮೇಜಿಗೆ ತಂದು ಒಡೆದೆ. ಮೊಹರು ನಾನೇ ಒತ್ತಿದ್ದು, ಅಂಚು ಸರಿಯಾಗಿತ್ತು. ಆಯ್ಕೆಯಾದ ಎಷ್ಟೋ ವರ್ಷದ ಮೇಲೆ ಪ್ರೊಫೆಸರೇ ಬಂದು ಹಳೇ ಲಕೋಟೆ ಒಯ್ದು ಈ ಹೊಸದನ್ನು ಕೊಟ್ಟು ಹೋಗಿದ್ದರೆಂದು ಆಗ ನೆನಪಾಯಿತು.

ಹತ್ತನೇ ಪ್ರಶ್ನೆಗೆ ಒಂದೂವರೆ ಪುಟ ಉತ್ತರವಿತ್ತು. ಅದರ ಸಾರಾಂಶ ಇಷ್ಟು. ಪ್ರಬಂಧದ ಕೆಲಸ ನಡೆಯುವಾಗ ಅವರು ಸಂಗಮದ ಕೆಳಗೆ ಆರು ಬಾಟಲಿ ನೀರು ತುಂಬಿಕೊಂಡು ನಂಜನಗೂಡಿನ ಮನೆಗೆ ಬಂದರು. ಬೆಳಿಗ್ಗೆ ಮೈಸೂರಿನ ಪ್ರಯೋಗಶಾಲೆಗೆ ಒಯ್ಯುವುದಿತ್ತು. ಮನೆಯಲ್ಲಿ ಅವರ ತಾತ ಕೊನೆಯ ಸ್ಥಿತಿಯಲ್ಲಿದ್ದರು. ಎರಡು ದಿನ ಉಳಿಯಬೇಕಾಯಿತು. ಅವರ ತಾಯಿ, ಸಂಗಮದ ನೀರೇ ಮನೆಗೆ ಬಂದಿದೆ ಎಂದು ಒಂದು ಬಾಟಲಿ ತೆಗೆದು ಮಾವನ ಬಾಯಿಗೆ ಬಿಟ್ಟರು. ಸುದ್ದಿ ಬೀದಿಗೆ ಹೋಯಿತು. ಕಾಯಿಲೆಯವರಿದ್ದ ಮನೆಗಳಿಂದ ಒಬ್ಬೊಬ್ಬರಾಗಿ ಲೋಟ ಹಿಡಿದು ಬಂದರು. ಎರಡು ದಿನದಲ್ಲಿ ಆರೂ ಖಾಲಿ. ಖಾಲಿ ಬಾಟಲಿ ಕಂಡರೆ ಮಗ ರೇಗುತ್ತಾನೆಂದು ತಾಯಿ ಹಿರಿಮಗಳ ಕೈಲಿ ಕೊಟ್ಟು, ಹೊಳೆಯಿಂದ ತುಂಬಿಸಿ ತರಿಸಿ, ಚೀಟಿ ಮಾಸದ ಹಾಗೆ ಒರೆಸಿ ಇದ್ದ ಜಾಗದಲ್ಲೇ ಇಟ್ಟರು. ಪ್ರೊಫೆಸರಿಗೆ ಇದು ತಿಳಿದದ್ದು ಹತ್ತೊಂಬತ್ತು ವರ್ಷದ ಮೇಲೆ, ತಾಯಿಯ ತಿಥಿಯ ದಿನ, ಅಕ್ಕ ಊಟಕ್ಕೆ ಬಡಿಸುತ್ತಾ ಮಾತಿಗೆ ಮಾತು ಬಂದು ಹೇಳಿದಾಗ.

ಅಂದರೆ ಹನ್ನೆರಡು ಬಾಟಲಿಯಲ್ಲೂ ಇದ್ದದ್ದು ನಂಜನಗೂಡಿನ ಸ್ನಾನಘಟ್ಟದ ನೀರೇ. ಕೊನೆಯಲ್ಲಿ ಅವರು ಬರೆದಿದ್ದರು: "ಎರಡು ಕಡೆಯ ನೀರು ಎರಡನೇ ದಶಾಂಶದವರೆಗೂ ಒಂದೇ ಬಂದಾಗ ನನಗೆ ಅನುಮಾನ ಬರಬೇಕಿತ್ತು. ಬಂದದ್ದು ಹೆಮ್ಮೆ."

ನಾನು ಎದ್ದು ಕಿಟಕಿಯ ಹತ್ತಿರ ಹೋದೆ, ಬಂದೆ, ಮತ್ತೆ ಹೋದೆ. ಅಷ್ಟು ವರ್ಷದಲ್ಲಿ ಆ ಪ್ರಬಂಧವನ್ನು ಎಷ್ಟೋ ಜನ ಉದ್ಧರಿಸಿದ್ದರು. ಯಾರೂ ಮತ್ತೆ ಹೋಗಿ ನೀರು ತರಲಿಲ್ಲ, ಪ್ರಬಂಧವನ್ನೇ ತಂದರು. ಆ ಭಾಗ ಬಿಟ್ಟು ಅರ್ಧ ಪುಟ ಬರೆದುಕೊಟ್ಟೆ. ಸಭೆ ಮುಗಿದ ಮೇಲೆ ವರದರಾಜರಿಗೆ ಹೇಳಿದರಾಯಿತು ಎಂದುಕೊಂಡೆ.

ಸಭೆಯಲ್ಲಿ ಅಧ್ಯಕ್ಷರು ನನ್ನ ಅರ್ಧ ಪುಟವನ್ನು ಗಂಭೀರವಾಗಿ ಓದಿದರು. ಎಲ್ಲರೂ ಎದ್ದು ಎರಡು ನಿಮಿಷ ಮೌನ ಆಚರಿಸಿದರು. ತಲೆ ತಗ್ಗಿಸಿದವನು ಒಂದು ಸಲ ಎತ್ತಿ ನೋಡಿದೆ. ಕೊನೆಯ ಸಾಲಿನಲ್ಲಿ, ಬಿಳಿ ಪಂಚೆ, ಕಂದು ಕೋಟು, ಕೈ ಕಟ್ಟಿಕೊಂಡು, ಎಲ್ಲರಿಗಿಂತ ಭಕ್ತಿಯಿಂದ ಪ್ರೊಫೆಸರ್ ಪುಟ್ಟನಂಜಯ್ಯ ನಿಂತಿದ್ದರು.

ಕಾಫಿಯ ಹೊತ್ತಿಗೆ ಅವರೇ ನನ್ನ ಬಳಿಗೆ ಬಂದರು. ಸಭೆ ಮೈಸೂರಲ್ಲಿ ಅಂತ ಇಷ್ಟು ವರ್ಷದ ಮೇಲೆ ಬಂದೆ ಎಂದರು.

"ಯಾರ್ರೀ ಹೋದದ್ದು? ಕಿವಿ ಮಂದ ನನಗೆ. ಎಲ್ರೂ ಎದ್ರು, ನಾನೂ ಎದ್ದೆ."

ಸುಳ್ಳು ಹೇಳಲು ಬೇಕಾದಷ್ಟು ಸಮಯ ಸಿಗಲಿಲ್ಲ. "ನೀವು, ಸರ್" ಎಂದೆ, ಸ್ವಲ್ಪ ಜೋರಾಗಿ.

ಅವರು ಯೋಚಿಸಿದರು. "ಹಂಗಾದ್ರೆ ಎರಡು ನಿಮಿಷ ಕಮ್ಮಿ ಆಯ್ತು ಕಣ್ರೀ" ಎಂದರು. ನಗುತ್ತಲೇ ಇದ್ದವರು ತಟ್ಟನೆ ನಿಲ್ಲಿಸಿದರು. "ಲಕೋಟೆ?"

"ಒಡೆದೆ ಸರ್."

"ಓದಿದ್ರಾ?"

"ಓದಿದೆ."

ಲೋಟವನ್ನು ಮೇಜಿನ ಮೇಲಿಟ್ಟು, ಊಟಕ್ಕೂ ನಿಲ್ಲದೆ ಹೊರಟುಹೋದರು. ಅವರ ಹಿಂದೆ ಗೇಟಿನವರೆಗೆ ಹೋದೆ. ಕರೆಯಲು ಧೈರ್ಯ ಬರಲಿಲ್ಲ.

ವರದರಾಜರಿಗೆ ವಿಷಯ ತಿಳಿಸಿದೆ. ಪ್ರೊಫೆಸರ್ ಬದುಕಿದ್ದಾರೆ ಎಂಬ ಅರ್ಧವನ್ನು ಮಾತ್ರ. ಅವರು ಹಣೆ ಒತ್ತಿಕೊಂಡು, "ಹೋಗಿ ಕ್ಷಮೆ ಕೇಳಿ. ಒಂದು ಶಾಲು ಮಿಕ್ಕಿದೆ, ತಗೊಂಡ್ಹೋಗಿ" ಎಂದರು.

ಭಾನುವಾರ ಶಾಲು ಹಿಡಿದು ಹೋದೆ. ಹೊಳೆಗೆ ಇಳಿಯುವ ರಸ್ತೆಯಲ್ಲಿ ಹಳೇ ತೊಟ್ಟಿ ಮನೆ. ಜಗಲಿಯ ಮೇಲೆ ಒಬ್ಬರು ಅಜ್ಜಿ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಪ್ರೊಫೆಸರ ಅಕ್ಕ ಚಿಕ್ಕತಾಯಮ್ಮ, ತೊಂಬತ್ತು ದಾಟಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಕ್ಕೆ ಕೂಗಿದರು.

"ಪುಟ್ಟ, ನಿನ್ನ ಸಾಯಿಸ್ದೋರು ಬಂದವ್ರೆ ಕಣ್ಲಾ. ಕಾಪಿ ಮಾಡ್ಲಾ, ಬ್ಯಾಡ್ವಾ?"

ಒಳಗೆ ಪ್ರೊಫೆಸರು ಶಾಲನ್ನು ಬಿಚ್ಚದೆ ಪಕ್ಕಕ್ಕಿಟ್ಟು, ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. ಕಿವಿ ಮಂದವಾದವರು ದನಿ ತಗ್ಗಿಸಿದರೆ ಬೀದಿಗೆ ಮಾತ್ರ ಕೇಳುವುದಿಲ್ಲ, ಮನೆಗೆಲ್ಲ ಕೇಳುತ್ತದೆ.

"ನೀವೇ ಮೊಹರು ಹಾಕಿದ್ರಿ, ನೀವೇ ಒಡೆದ್ರಿ. ಇನ್ನೊಂದು ಸಲ ಹಾಕ್ಬಿಡಿ. ನಾನು ನಿಜವಾಗಿ ಹೋದ್ಮೇಲೆ ಏನ್ ಬೇಕಾದ್ರೂ ಮಾಡ್ಕೊಳಿ."

"ಆಗಲಿ ಸರ್" ಎಂದೆ. ತಪ್ಪು ಮಾಡಿದವನು ಬೇರೆ ಏನು ಹೇಳುತ್ತಾನೆ?

"ನಿಮಗೆ ತಮಾಷೆ ಅನ್ನಿಸಬಹುದು. ನನ್ನನ್ನ ಫೆಲೋ ಮಾಡಿದ್ದೇ ಆ ಪೇಪರು. ಅದು ಹೋದ್ರೆ ನಾನೇನು? ಈ ಊರಿನ ಇನ್ನೊಬ್ಬ ನಂಜಯ್ಯ. ಅದೂ ಹೋಗ್ಲಿ. ವಿಜ್ಞಾನಿ ತಾಯಿ ಮಗನ ಸ್ಯಾಂಪಲ್ಲನ್ನ ತೀರ್ಥ ಅಂತ ಹಂಚಿಬಿಟ್ಲಂತೆ ಅಂತ ನಗ್ತಾರೆ. ನಮ್ಮವ್ವನ್ನ ನಗೋದು ನನಗೆ ಬೇಡ."

ಸೋಮವಾರ ಬೆಳಿಗ್ಗೆ, ಯಾರೂ ಬರುವ ಮುಂಚೆ ಕಚೇರಿಗೆ ಹೋಗಿ ಅರಗು ಕರಗಿಸಿದೆ. ಆ ಹೊತ್ತಿಗೆ ಅಂಗಡಿಗಳಲ್ಲಿ ಅರಗು ಸಿಗುವುದೇ ನಿಂತಿತ್ತು. ಹಳೇ ಡಬ್ಬಿಯ ತಳ ಕೆರೆದು ಒಂದು ಮೊಹರಿಗೆ ಆಗುವಷ್ಟು ಸಿಕ್ಕಿತು. ಒತ್ತಿದೆ. ಅಂಚು ಸೊಟ್ಟಗಾಯಿತು. ಬೀರುವಿಗಿಟ್ಟು ಬೀಗ ಹಾಕಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಹನ್ನೆರಡು ದಿನಕ್ಕೆ ಪ್ರೆಸ್ಸಿನಿಂದ ಇತಿಹಾಸ ಸಂಪುಟದ ಪ್ರೂಫು ಬಂತು. ಪ್ರೂಫು ನೋಡುವುದರಲ್ಲಿ ನಮ್ಮ ಪದ್ಧತಿ ಹೀಗೆ: ಪ್ರತಿ ಪುಟವನ್ನೂ ಮೂಲ ದಾಖಲೆಯ ಜೊತೆ ಹೋಲಿಸಿ, ಕೆಳಗೆ "ದಾಖಲೆಯೊಂದಿಗೆ ತಾಳೆಯಾಗಿದೆ" ಎಂದು ಬರೆದು ಸಹಿ ಹಾಕಬೇಕು. ಈಗ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಇಡೀ ಪುಸ್ತಕ ಒಪ್ಪಿಗೆಯಾಗುತ್ತದಂತೆ. ಆಗ ಪುಟಕ್ಕೊಂದು ಸಹಿ. "ಬೆರೆಯದ ನೀರು" ಅಧ್ಯಾಯದವರೆಗೆ ಸರಾಗವಾಗಿ ಹಾಕಿಕೊಂಡು ಬಂದೆ. ಆ ಅಧ್ಯಾಯ ಹದಿನಾಲ್ಕು ಪುಟ. ಪೆನ್ನು ಮುಚ್ಚಿದೆ. ತೆಗೆದೆ. ನೀರು ಕುಡಿದು ಬಂದೆ. ತಾಳೆಯಾಗದು ಎಂದು ಹೇಳುವ ದಾಖಲೆ ನನ್ನ ಬೆನ್ನ ಹಿಂದಿನ ಬೀರುವಿನಲ್ಲಿತ್ತು, ಮತ್ತು ಅದನ್ನು ನಾನು ಓದಿರಲೇಬಾರದು.

ಆ ವಾರ ಪೂರ್ತಿ ಒಂದು ಪುಟವೂ ಮುಂದೆ ಹೋಗಲಿಲ್ಲ. ಪ್ರೆಸ್ಸಿನವರು ದಿನಾ ಫೋನ್ ಮಾಡುತ್ತಿದ್ದರು. ಮನೆಯಲ್ಲಿ ಹೆಂಡತಿ, "ಕಾಲಲ್ಲಿ ಇರುವೆ ಬಿಟ್ಕೊಂಡೋರ ಹಂಗೆ ತಿರುಗ್ತಿದ್ದೀರಲ್ಲ, ಒಂದ್ಕಡೆ ಕೂತ್ಕೊಳಿ" ಎಂದು ಬೈದಳು. ಶನಿವಾರ ಮತ್ತೆ ಪ್ರೊಫೆಸರ ಮನೆಗೆ ಹೋಗಿ ಪ್ರೂಫನ್ನು ಅವರ ತೊಡೆಯ ಮೇಲಿಟ್ಟೆ.

"ಮೊದಲನೇ ತಪ್ಪು ನಿಮಗೆ ಗೊತ್ತಿಲ್ಲದೆ ಆಯ್ತು ಸರ್. ಇದು ಇಬ್ಬರಿಗೂ ಗೊತ್ತಿದ್ದು ಆಗೋದು. ಪುಟಪುಟಕ್ಕೂ ನನ್ನ ಸಹಿ ಇರುತ್ತೆ."

ಅವರು ಹದಿನಾಲ್ಕು ಪುಟವನ್ನೂ ಓದಿದರು. ಅವರ ಹಳೇ ಫೋಟೋ ಒಂದಿತ್ತು. ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನಾಳೆ ತಿರುಮಕೂಡ್ಲಿಗೆ ಹೋಗಿಬರೋಣ್ವಾ?" ಎಂದರು.

ನಾನು ಹಿಗ್ಗಿದೆ. ಹೊಸದಾಗಿ ನೀರು ತಂದು ಪರೀಕ್ಷಿಸಿದರೆ, ಒಂದು ವೇಳೆ ಅವರ ಮಾತೇ ನಿಜವಾಗಿದ್ದರೆ, ಲಕೋಟೆಯ ಗೋಜೇ ಇಲ್ಲ. ಅದೇ ಹುರುಪಿನಲ್ಲಿ ಪೇಟೆಗೆ ಹೋಗಿ ಗಾಜಿನ ಬಾಟಲಿ ಆರು ಹುಡುಕಿ ತಂದೆ.

ಮಾರನೆಯ ದಿನ ಬಾಡಿಗೆ ಕಾರಿನಲ್ಲಿ ಸುತ್ತೂರಿನ ಮಾರ್ಗವಾಗಿ ಹೊರಟೆವು. ಚಿಕ್ಕತಾಯಮ್ಮನವರೂ ಹತ್ತಿದರು. "ನಾನಿಲ್ದೆ ನೀರ್ ತರಕ್ಕೆ ಓಯ್ತೀರಾ? ಓದ್ ಸಲ ತಂದು ಏನ್ ಕಿತ್ತಾಕಿದ್ರಿ" ಎಂದರು. ಅಲ್ಲಿಗೆ, ತಮ್ಮನ ಪಿಸುಮಾತು ಅವರಿಗೆ ಕೇಳಿಸಿದೆ ಎಂದು ನನಗೆ ಖಾತ್ರಿಯಾಯಿತು. ಪ್ರೊಫೆಸರು ಮುಂದಿನ ಸೀಟಿನಲ್ಲಿ ಗದ್ದೆ ನೋಡುತ್ತಾ ಕೂತಿದ್ದರು. ಅವರಿಗೆ ಇದೂ ಕೇಳಿಸಿರಲಿಲ್ಲ.

ಸಂಗಮದ ಮೆಟ್ಟಿಲ ಬಳಿ ಹರಿಗೋಲಿನವನೊಬ್ಬನಿದ್ದ. ನನ್ನ ಕೈಯ ಚೀಲ ನೋಡಿ, "ಬೂದಿ ಬುಡಕ್ಕಾ ಸಾ?" ಎಂದು ಕೇಳಿದ. "ಇಲ್ಲಪ್ಪ, ನೀರು ತುಂಬೋಕೆ" ಎಂದೆ. "ನಡ್ಮಧ್ಯಕ್ಕೆ ಓಗನ, ಅಲ್ಲಿ ಪವರ್ ಜಾಸ್ತಿ" ಎಂದ. ನಾನು ಬಾಟಲಿ ತೆಗೆದು ಪ್ರೊಫೆಸರ ಕಡೆ ನೋಡಿದೆ, ಎಲ್ಲಿ, ಎಷ್ಟು ಆಳದಲ್ಲಿ ತುಂಬಬೇಕು ಹೇಳಲಿ ಎಂದು.

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಅದನ್ನ ಒಳಗಿಡಿ. ಈ ನೀರು ಆ ನೀರಲ್ಲ ಕಣ್ರೀ. ಅವತ್ತು ಕಪಿಲೆಗೆ ಅಣೆಕಟ್ಟು ಇರಲಿಲ್ಲ, ನಮ್ಮೂರಲ್ಲಿ ಇಷ್ಟು ಫ್ಯಾಕ್ಟರಿ ಇರಲಿಲ್ಲ. ಇದು ಏನೇ ಹೇಳಿದ್ರೂ ಅವತ್ತಿನ ಪ್ರಶ್ನೆಗೆ ಉತ್ತರ ಆಗಲ್ಲ. ಬೆರೆಯಲ್ಲ ಅಂತ ಬಂದ್ರೂ ನಾನು ಅವತ್ತು ಅದನ್ನ ತೋರಿಸಿರಲಿಲ್ಲ."

"ಮತ್ತೆ ಬಂದದ್ದು ಯಾಕೆ ಸರ್?"

"ನೋಡೋಕೆ. ಅವತ್ತು ಬಾಟ್ಲಿ ತುಂಬೋ ಗಡಿಬಿಡೀಲಿ ಹೊಳೆ ನೋಡಿರಲಿಲ್ಲ."

ನಾನು ಆರು ಖಾಲಿ ಬಾಟಲಿ ಹಿಡಿದು ನಿಂತೆ. ಎರಡು ಹೊಳೆ ಎದುರಿಗೇ ಇದ್ದವು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ನನಗಂತೂ ಕಾಣಲಿಲ್ಲ. ಚಿಕ್ಕತಾಯಮ್ಮನವರು ಹರಿಗೋಲಿನವನ ಕೈ ಹಿಡಿದು ಕೊನೆಯ ಮೆಟ್ಟಿಲಿಗೆ ಇಳಿದು, ಸೀರೆ ಎತ್ತಿ ಕಟ್ಟಿ, ತಮ್ಮದೇ ಒಂದು ಸ್ಟೀಲ್ ಚೊಂಬಿನಲ್ಲಿ ನೀರು ಮೊಗೆದು ಬಂದು ತಮ್ಮನ ಪಕ್ಕ ಕೂತರು. ಅವರ ಕಿವಿಯ ಹತ್ತಿರ ಬಾಯಿಟ್ಟು ಜೋರಾಗಿಯೇ ಮಾತಾಡಿದರು.

"ಅವ್ವನ್ ಎಸ್ರು ಎತ್ತಿ ಅದೇನೋ ಬರ್ದು ಬೀರುಲಿ ಮಡಗಿದ್ದೀಯಂತೆ."

"ಕೆಟ್ಟದಾಗೇನೂ ಬರೆದಿಲ್ಲ ಅಕ್ಕ."

"ಕೆಟ್ಟದ್ದಲ್ದಿದ್ರೆ ಬೀಗ ಯಾಕ್ ಆಕಿದ್ದೀಯೆ?"

ನಾನು ಬಾಟಲಿ ಎಣಿಸತೊಡಗಿದೆ.

"ನಗ್ತಾರೆ ಅಕ್ಕ" ಎಂದರು ಪ್ರೊಫೆಸರು. "ನನ್ನನ್ನ ನಗ್ಲಿ. ಅವ್ವನ್ನೂ ನಗ್ತಾರೆ."

"ತಾತ ಎಲ್ಡ್ ದಿನ ಬಾಯಿ ಬುಟ್ಕೊಂಡು ಒದ್ದಾಡ್ತಿದ್ದ. ಅವ್ವ ಒಂದ್ ಗುಟುಕು ಬುಟ್ಳು, ಕಣ್ ಮುಚ್ದ. ಮೂಲೆಮನೆ ಸಿದ್ದಮ್ಮ, ಸಾಬ್ರ ಬೀದಿ ಮುದ್ಕ, ಎಲ್ರೂ ಈಸ್ಕೊಂಡೋದ್ರು. ಇಲ್ಲ ಅನ್ನಕ್ಕಾಯ್ತದಾ? ಅದುನ್ನ ಕುಡ್ದು ಆಟು ಜನ ನೆಮ್ಮದಿಯಾಗ್ ಪ್ರಾಣ ಬುಟ್ರು. ನಿನ್ ಪೇಪರ್ ಓದಿ ಯಾರ್ಲಾ ನೆಮ್ಮದಿಯಾಗಿರೋರು? ನೀನೇ ಇಲ್ಲ."

ಹರಿಗೋಲಿನವನು ಕೆಮ್ಮಿದ. ಪ್ರೊಫೆಸರು ಹೊಳೆಯನ್ನೇ ನೋಡುತ್ತಿದ್ದರು.

"ನಾನೇ ಕಣಪ್ಪ ತುಂಬ್ಸಿದ್ದು" ಎಂದು ಅಜ್ಜಿ ನನ್ನ ಕಡೆ ತಿರುಗಿದರು. "ಅರೆಬರೆ ತುಂಬ್ಸಿಲ್ಲ, ಮೂತಿಮಟ ತುಂಬ್ಸಿದ್ದೆ. ಯಾರ್ ಕೇಳುದ್ರೂ ಏಳ್ತೀನಿ. ಇವನ್ಗೆ ಏಳ್ದಾಗ್ಲೂ ನಕ್ಬುಡ್ತಾನೆ ಅಂದ್ಕಂಡೇ ಏಳ್ದೆ. ಅನ್ನದ್ ಮುಂದಿಂದ ಎದ್ದೋಗ್ಬುಟ್ಟ. ಯಾಕೆ ಅಂತ ಇವತ್ಗೂ ಬಾಯಿ ಬುಡ್ನಿಲ್ಲ."

ಪ್ರೊಫೆಸರು ನನ್ನ ಕಡೆ ಕೈ ಚಾಚಿದರು. "ಪೆನ್ನಿದ್ಯೇನ್ರೀ?" ಕಾಗದ ಇರಲಿಲ್ಲ. ಪ್ರೂಫಿನ ಕೊನೆಯ ಹಾಳೆಯ ಹಿಂಬದಿಯನ್ನು ಕೊಟ್ಟೆ. ತೊಡೆಯ ಮೇಲಿಟ್ಟು ನಾಲ್ಕು ಸಾಲು ಬರೆದರು:

"ಸಂಗಮದ ನೀರೆಂದು ನಾನು ಪರೀಕ್ಷಿಸಿದ ಆರು ಬಾಟಲಿಗಳಲ್ಲಿ ಇದ್ದದ್ದು ನಂಜನಗೂಡಿನ ಸ್ನಾನಘಟ್ಟದ ನೀರು. ಸಂಗಮದ ನೀರನ್ನು ನನ್ನ ತಾಯಿ ಕಾಯಿಲೆಯವರಿಗೆ ಕುಡಿಯಲು ಕೊಟ್ಟಿದ್ದರು. ಪ್ರಬಂಧದ ತೀರ್ಮಾನಕ್ಕೆ ಆಧಾರವಿಲ್ಲ. ನೀರು ತುಂಬಿದವರ ಹೇಳಿಕೆ: ಶ್ರೀಮತಿ ಚಿಕ್ಕತಾಯಮ್ಮ, ಲೇಖಕರ ಅಕ್ಕ."

ಓದಿ ಹೇಳಿದರು. ಅಕ್ಕ ಕೇಳಿ, "ಸೈ" ಎಂದು ಚೊಂಬಿನ ಮೇಲೆ ಮುಚ್ಚಳ ಒತ್ತಿದರು.

ಸೋಮವಾರ ಆ ಹಾಳೆಯನ್ನು ವರದರಾಜರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ, ಈ ಸಲ ಪೂರ್ತಿ. ಲಕೋಟೆಯನ್ನು ಮತ್ತೆ ಮುಚ್ಚಿದ್ದನ್ನೂ ಬಿಡಲಿಲ್ಲ. ಅವರು ಎರಡು ಸಲ ಓದಿದರು. ಹದಿನಾಲ್ಕು ಪುಟ ತೆಗೆದರೆ ಸಂಪುಟದ ಪುಟಸಂಖ್ಯೆ, ಅನುಕ್ರಮಣಿಕೆ ಎಲ್ಲ ಕೆಡುತ್ತದೆ ಎಂದರು. ತಿದ್ದುಪಡಿಯ ಚೀಟಿ ಅಂಟಿಸಬಹುದಲ್ಲ ಎಂದೆ. ನಿಯಮಾವಳಿ ತೆಗೆದು ತೋರಿಸಿದರು.

"ತಿದ್ದುಪಡಿ ಕಳಿಸೋ ಹಕ್ಕು ಹಾಲಿ ಫೆಲೋಗೆ ಮಾತ್ರ. ಇವರಿಗೆ ಸಂತಾಪ ಸೂಚಿಸಿ ಆಗಿದೆ. ನಡಾವಳಿಯಲ್ಲಿ ದಾಖಲಾಗಿದೆ."

"ಬದುಕಿದ್ದಾರೆ ಸರ್."

"ಬದುಕಿರಬಹುದು. ನಡಾವಳಿಯಲ್ಲಿ ಇಲ್ಲ."

ಸತ್ತವರನ್ನು ಮತ್ತೆ ಪಟ್ಟಿಗೆ ಸೇರಿಸುವ ನಿಯಮವನ್ನು ನಮ್ಮ ಸಂಸ್ಥಾಪಕರು ಮಾಡಿರಲಿಲ್ಲ. ದೂರದೃಷ್ಟಿಯುಳ್ಳವರು ಎಂದು ಪ್ರತಿ ವರ್ಷ ಎರಡು ಸಲ ಹೊಗಳುತ್ತಿದ್ದೆವು. ಮೂರು ದಿನ ಆ ನಿಯಮಾವಳಿಯನ್ನು ರೈಲಿನಲ್ಲಿ ಹೋಗುವಾಗ, ಬರುವಾಗ ಓದಿದೆ. ಕಡಕೊಳ ದಾಟುವಾಗ ದಾರಿ ಕಂಡಿತು. ಒಂದು ಸಭೆಯ ನಡಾವಳಿ ಮುಂದಿನ ಸಭೆಯಲ್ಲಿ ಓದಿ ಖಾಯಂ ಆಗುವವರೆಗೆ ಅದು ಕರಡು. ಮುಂದಿನ ಸಭೆ ಇನ್ನೂ ಆಗಿರಲಿಲ್ಲ. ಅಂದರೆ ಪ್ರೊಫೆಸರ ಸಾವೂ ಇನ್ನೂ ಕರಡಿನಲ್ಲಿತ್ತು, ಖಾಯಂ ಆಗಿರಲಿಲ್ಲ.

ವರದರಾಜರು ಇದನ್ನು ಕೇಳಿ ನಿಯಮಾವಳಿಯ ಆ ಪುಟ ತೆಗೆದು ನೋಡಿದರು. ಆಮೇಲೆ ಮೊದಲ ಸಲ, ತಾವೇ ಪೆನ್ನು ತೆಗೆದು ಹಾಳೆಯ ಮೂಲೆಯಲ್ಲಿ "ಒಪ್ಪಿದೆ" ಎಂದು ಬರೆದರು. ಕೊನೆಯ ಸಾಲನ್ನು ತೆಗೆಯೋಣ, ಮನೆಯವರ ಹೆಸರೆಲ್ಲ ಏಕೆ ಎಂದರು. ಪ್ರೊಫೆಸರಿಗೆ ಫೋನಿನಲ್ಲಿ ಕೂಗಿ ಕೇಳಿದೆ. "ಸ್ಯಾಂಪಲ್ ತಂದವರ ಹೆಸರು ಹಾಕೋದು ಪದ್ಧತಿ. ಅವತ್ತೇ ಹಾಕಿದ್ರೆ ಈ ಪಾಡು ಇರ್ತಿರಲಿಲ್ಲ" ಎಂದು ಫೋನ್ ಇಟ್ಟರು.

ಹದಿನಾಲ್ಕು ಪುಟಕ್ಕೂ ಸಹಿ ಹಾಕಿದೆ. "ತಾಳೆಯಾಗಿದೆ" ಎಂಬುದರ ಮುಂದೆ "ತಿದ್ದುಪಡಿ ಸಹಿತ" ಎಂದು ಸೇರಿಸಿದೆ. ನಿಯಮ ಮೀರಿ ಲಕೋಟೆ ಒಡೆದದ್ದಕ್ಕೆ ನನಗೊಂದು ಮೆಮೊ ಬಂತು. ಮುಂದಿನ ಸಭೆಯಲ್ಲಿ ಸಂತಾಪ ನಿರ್ಣಯವನ್ನು ಕರಡಿನಿಂದ ತೆಗೆದುಹಾಕಿದರು. ಪ್ರೊಫೆಸರ ಸದಸ್ಯತ್ವ ಉಳಿಯಬೇಕೇ ಎಂದು ಒಬ್ಬರು ಕೇಳಿದರು. ಊಟದ ಹೊತ್ತಾಗಿತ್ತು, ಮುಂದೂಡಿದರು. ಆಮೇಲೆ ಯಾರೂ ಕೇಳಲಿಲ್ಲ.

ಪ್ರೊಫೆಸರ್ ಪುಟ್ಟನಂಜಯ್ಯ ಇನ್ನೂ ಮೂರು ವರ್ಷ ಬದುಕಿದರು. ಅವರ ಲಕೋಟೆಯನ್ನು ಈ ಸಲ ಮುಖ್ಯಸ್ಥರ ಎದುರಿಗೇ ಒಡೆದೆವು. ತಿದ್ದುಪಡಿಯಾದ ಮೇಲೆ ಅವರೇ ಬದಲಾಯಿಸಿ ಕೊಟ್ಟಿದ್ದ ಹೊಸ ನಮೂನೆ ಇತ್ತು. ಹತ್ತನೇ ಪ್ರಶ್ನೆಯ ಎದುರು "ತಿದ್ದಿದೆ" ಎಂದು ಬರೆದಿದ್ದರು.

ಇತಿಹಾಸ ಸಂಪುಟ ಅಚ್ಚಾಗಿ ಬಂತು. "ಬೆರೆಯದ ನೀರು" ಅಧ್ಯಾಯ ಅದರಲ್ಲಿ ಹಾಗೇ ಇದೆ. ಅಧ್ಯಾಯದ ಮೊದಲ ಪುಟದ ಎದುರಿಗೆ ನಾಲ್ಕು ಸಾಲಿನ ಚೀಟಿ ಅಂಟಿಸಿದೆ. ಎಲ್ಲ ಪ್ರತಿಗಳಿಗೂ ನಾನೇ ಅಂಟಿಸಿದೆ.